ಕೋಳಿಗೂಡಿನ ಹಿಂದಿನ ತರಗತಿ

ಜಪೋರಿಝ್ಯಾ
12 ಜೂನ್ 2022

ಅಮ್ಮಾ,

ಈ ಪತ್ರವನ್ನು ಪನಾಸ್ ಮಾಮನ ಕೈಯಲ್ಲಿ ಕೊಡುತ್ತಿದ್ದೇನೆ. ನಮ್ಮೂರಿಗೆ ಔಷಧಿ ಸಾಗಿಸುವ ಡಬ್ಬಿಗಳ ನಡುವೆ ಇಟ್ಟು ತರುತ್ತಾರಂತೆ. "ಉದ್ದ ಬರೀಬೇಡ ಮಗಾ, ರಷ್ಯಾದವರ ತಪಾಸಣೇಲಿ ಸಿಕ್ಕಿಬಿದ್ರೆ ನಾನಿದನ್ನ ನುಂಗಬೇಕಾಗುತ್ತೆ" ಅಂದರು. ಆಗಲೇ ಎರಡು ಹಾಳೆ ಆಗಿದೆ. ಪಾಪ, ಅವರ ಹೊಟ್ಟೆಯ ಗತಿ ಏನೋ.

ನಾನೂ ತಮೀಲಾ ಚಿಕ್ಕಮ್ಮನೂ ಕ್ಷೇಮ. ಚಿಕ್ಕಮ್ಮನ ಮನೆ ಒಂಬತ್ತನೇ ಮಹಡಿಯಲ್ಲಿದೆ, ಲಿಫ್ಟು ನಿಂತು ತಿಂಗಳಾಯಿತು. ಸೈರನ್ ಕೂಗಿದಾಗಲೆಲ್ಲ ಇಳಿದು ಹತ್ತಿ ನನ್ನ ಕಾಲು ಕುದುರೆಯ ಕಾಲಾಗಿದೆ. ಕಿಟಕಿ ಗಾಜಿಗೆಲ್ಲ ಅಡ್ಡಡ್ಡ ಟೇಪು ಅಂಟಿಸಿದ್ದೇವೆ.

ಹತ್ತನೇ ತರಗತಿ ಮುಗಿಯಿತು. ಹೇಗೆ ಮುಗಿಯಿತು ಎಂದರೆ, ನಮ್ಮ ಗಣಿತದ ಸ್ತೆಪಾನ್ ಇಲ್ಲಿಚ್ ಮೇಷ್ಟ್ರೂ ಊರು ಬಿಟ್ಟು ಇಲ್ಲಿಗೇ ಬಂದಿದ್ದಾರಲ್ಲ, ಅವರು ಬಾಡಿಗೆ ಕೋಣೆಯಲ್ಲಿ ಇಸ್ತ್ರಿ ಹಲಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಮ್ಮ ಶಾಲೆಯನ್ನೇ ನಡೆಸುತ್ತಿದ್ದಾರೆ. ಚೆದುರಿಹೋದ ಮಕ್ಕಳನ್ನೆಲ್ಲ ಹುಡುಕಿ ಹುಡುಕಿ ಸೇರಿಸಿಕೊಂಡಿದ್ದಾರೆ. ಒಬ್ಬ ಪೋಲೆಂಡಿನಲ್ಲಿ, ಒಬ್ಬಳು ಚೆರ್ನಿವ್ತ್ಸಿಯಲ್ಲಿ, ಇನ್ನು ಕೆಲವರು ಅಲ್ಲೇ ನಮ್ಮೂರಿನಲ್ಲಿ. ಮೊನ್ನೆ ಸಿಕ್ಕಾಗ, "ನಿಮ್ಮಮ್ಮ ಯಾವಾಗ ಬರ್ತಾರಮ್ಮ? ಸಾಹಿತ್ಯದ ಪಾಠ ಅವರಿಗೇ ಅಂತ ಎತ್ತಿಟ್ಟಿದೀನಿ. ಅವರಿಲ್ದೆ ನಾನೇ ಕವಿತೆ ಮಾಡ್ತಾ ಇದೀನಿ, ಮಕ್ಕಳು ಸಮೀಕರಣ ಬಿಡಿಸಿದ ಹಾಗೆ ಬಿಡಿಸ್ತಿದಾರೆ" ಅಂದರು.

ಏಪ್ರಿಲ್‌ನಲ್ಲಿ ನನ್ನನ್ನು ಬಸ್ಸು ಹತ್ತಿಸುವಾಗ ನೀನು ಏನಂದೆ ನೆನಪಿದೆಯಾ? "ಎರಡೇ ವಾರ ಕಣೇ. ಅಜ್ಜಿಗೆ ಕೂರೋ ಹಾಗಾಗ್ಲಿ, ಇಬ್ರೂ ಬಂದ್ಬಿಡ್ತೀವಿ." ಎಂಟು ವಾರ ಆಯಿತು. ಚಿಕ್ಕಮ್ಮ ಸೋಫಾವನ್ನು ಅಜ್ಜಿಗೆಂದು ಖಾಲಿ ಮಾಡಿಟ್ಟಿದ್ದಾಳೆ. ನೀನು ನನ್ನ ಜೊತೆ ಮಲಗಬಹುದು, ಒದೆಯುವುದಿಲ್ಲ. ಬಾ.

ನಿನ್ನ ಮುದ್ದಿನ
ಯಾರಿನ್ಕಾ


ಊರಿನಿಂದ
3 ಜುಲೈ 2022

ಮಗಳೇ,

ಪನಾಸ್ ನಿನ್ನ ಪತ್ರವನ್ನು ನುಂಗದೆ ತಂದುಕೊಟ್ಟ. ಅಜ್ಜಿಗೆ ಓದಿ ಹೇಳಿದೆ. ಕುದುರೆಯ ಕಾಲು ಎಂದಾಗ ಅರ್ಧ ಮುಖದಲ್ಲೇ ನಕ್ಕಳು. ಬಲಗಡೆ ಇನ್ನೂ ಅಲ್ಲಾಡುವುದಿಲ್ಲ.

ನೀನು ಕೇಳಿದ್ದಕ್ಕೆ ನೇರವಾಗಿ ಹೇಳುತ್ತೇನೆ. ಹೋದ ವಾರ ಹೊರಟ ಬಸ್ಸು ವಸಿಲಿವ್ಕಾದ ತಪಾಸಣೆಯಲ್ಲಿ ಮೂರು ದಿನ ಬಿಸಿಲಲ್ಲಿ ನಿಂತಿತ್ತು. ಅದರಲ್ಲಿದ್ದ ಇಬ್ಬರು ಮುದುಕರು ದಾರಿಯಲ್ಲೇ ತೀರಿಹೋದರು. ಅಜ್ಜಿಯನ್ನು ನಾನು ಹೇಗೆ ಕೂರಿಸಲಿ? ಅವಳ ಇನ್ಸುಲಿನ್ ಬಾಟಲಿಗೆ ತಂಪು ಎಲ್ಲಿಂದ ತರಲಿ?

ಇನ್ನೊಂದು ಸುದ್ದಿ. ರಷ್ಯಾದವರು ಮೇಷ್ಟ್ರುಗಳನ್ನೆಲ್ಲ ಶಾಲೆಯ ಹಾಲಿಗೆ ಕರೆಸಿದ್ದರು. ವೇದಿಕೆಯ ಮೇಲೆ ಯಾರು ಅಂದುಕೊಂಡೆ? ಬಸ್ ಡಿಪೋದಲ್ಲಿ ಟೈರಿನ ಲೆಕ್ಕ ಬರೆದಿಡುತ್ತಿದ್ದನಲ್ಲ, ಸವೇಲಿ. ಈಗ ಅವನೇ ಊರಿನ ಶಿಕ್ಷಣಾಧಿಕಾರಿ. "ಸೆಪ್ಟೆಂಬರಿಂದ ಯಾರ್ ಯಾರು ಕೆಲಸಕ್ಕೆ ಬರ್ತೀರಿ, ಕೈ ಎತ್ತಿ" ಅಂದ. ಮೂರು ಕೈ ಎದ್ದವು. ಯಾರವು ಎಂದು ಬರೆಯುವುದಿಲ್ಲ, ನಿನಗೆ ಬೇಜಾರಾಗುತ್ತದೆ. ಆಮೇಲೆ ನನ್ನ ಕಡೆ ತಿರುಗಿ, "ರೈಸಾ ಪಾವ್ಲಿವ್ನಾ, ನೀವು?" ಅಂದ.

"ನಾನು ಉಕ್ರೇನಿಯನ್ ಸಾಹಿತ್ಯದ ಟೀಚರ್ರು. ನಿನ್ನ ವೇಳಾಪಟ್ಟೀಲಿ ನನ್ನ ವಿಷಯಾನೇ ಇಲ್ವಲ್ಲೋ ಸವೇಲಿ. ಸುಮ್ನೆ ಕೈ ಎತ್ತಿ ಕಂಕುಳು ತೋರಿಸ್ಲಾ?" ಅಂದೆ.

ಹಾಲಿಗೆ ಹಾಲೇ ನಕ್ಕಿತು. ಅವನೂ ನಕ್ಕ. ಆದರೆ ಚೀಟಿಯಲ್ಲಿ ಏನೋ ಬರೆದುಕೊಂಡ. ಹೆದರಬೇಡ. ನಿನ್ನ ಅಮ್ಮ ಕೊಂಡುಕೊಳ್ಳುವುದಕ್ಕೆ ಸಿಗುವವಳಲ್ಲ.

ಪನಾಸ್ ಎಷ್ಟು ದಿನ ಓಡಾಡುತ್ತಾನೋ ಗೊತ್ತಿಲ್ಲ. ನಿನ್ನ ಹಳೆಯ ಇಮೇಲ್ ಇದೆಯಲ್ಲ, ಅದರ ಪಾಸ್‌ವರ್ಡ್ ನನಗೂ ಗೊತ್ತು. ಇನ್ನು ಮುಂದೆ ಇಬ್ಬರೂ ಅದನ್ನೇ ತೆರೆಯೋಣ. ಬರೆದದ್ದನ್ನು ಯಾರಿಗೂ ಕಳಿಸದೆ ಹಾಗೇ ಬಿಡೋಣ. ನಾನು ಬರೆದಿಟ್ಟದ್ದನ್ನು ನೀನು ಓದು, ನೀನು ಬರೆದದ್ದನ್ನು ನಾನು ಓದುತ್ತೇನೆ. ಓದಿದ ಕೂಡಲೇ ಅಳಿಸಿಬಿಡು.

ಹೊಟ್ಟೆ ತುಂಬ ಊಟ ಮಾಡು. ಚಿಕ್ಕಮ್ಮನ ಮಾತು ಕೇಳು.

ನಿನ್ನ ಅಮ್ಮ


ಜಪೋರಿಝ್ಯಾ
4 ಸೆಪ್ಟೆಂಬರ್ 2022

ಅಮ್ಮಾ,

ಆಗಸ್ಟ್ ಪೂರ್ತಿ ನೀನು ಒಂದು ಸಾಲೂ ಬರೆದಿಲ್ಲ. ದಿನಾ ತೆರೆದು ನೋಡುತ್ತೇನೆ. ನೆಟ್‌ವರ್ಕ್ ಇಲ್ಲದೆ ಇರಬಹುದು ಅಂತ ಚಿಕ್ಕಮ್ಮ ಸಮಾಧಾನ ಹೇಳುತ್ತಾಳೆ, ಹೇಳಿ ತಾನು ಬಾಲ್ಕನಿಗೆ ಹೋಗಿ ಸಿಗರೇಟು ಹಚ್ಚುತ್ತಾಳೆ.

ಹನ್ನೊಂದನೇ ತರಗತಿ ಶುರುವಾಯಿತು. ಹೂವಿಲ್ಲ, ಬಿಳಿ ರಿಬ್ಬನ್ ಇಲ್ಲ. ಶಾಲೆ ಶುರುವಾಗುವ ದಿನ ಬಾರಿಸುವ ಮೊದಲ ಗಂಟೆಗೆ ಬದಲು ಮೇಷ್ಟ್ರು ಗಾಜಿನ ಲೋಟಕ್ಕೆ ಚಮಚ ಬಡಿದರು. ಒಬ್ಬೊಬ್ಬರೂ ಒಂದೊಂದು ಕಡೆಯಿಂದ ಚಪ್ಪಾಳೆ ತಟ್ಟಿದೆವು.

ನಿನಗೊಂದು ಗುಟ್ಟು ಹೇಳುತ್ತೇನೆ. ನಮ್ಮ ಬೀದಿಯ ಉಸ್ತಿನಾ ನಮ್ಮ ಜೊತೆ ಓದುತ್ತಿದ್ದಾಳೆ! ಅವಳನ್ನು ಅಲ್ಲಿಯ ಹೊಸ ಶಾಲೆಗೆ ಸೇರಿಸಿಲ್ಲ, ಕಾಯಿಲೆ ಎಂದು ಹೇಳಿದ್ದಾರೆ. ಪರದೆಯ ಮೇಲೆ ನಿಜವಾದ ಹೆಸರು ಹಾಕಿದರೆ ಅಪಾಯ ಅಂತ "ಫ್ರಿಜ್" ಎಂದು ಇಟ್ಟುಕೊಂಡಿದ್ದಾಳೆ. ಹಾಜರಿ ಹೀಗೆ ನಡೆಯುತ್ತದೆ:

"ಫ್ರಿಜ್?"

"ಇದೀನಿ ಸಾರ್."

"ಒಳಗೇನಿದೆಯಮ್ಮ?"

"ಏನೂ ಇಲ್ಲ ಸಾರ್. ಕರೆಂಟೂ ಇಲ್ಲ."

ಅವರ ಕೋಳಿಗೂಡಿನ ಹಿಂದೆ ಸೌದೆ ಒಟ್ಟಿರುತ್ತದಲ್ಲ, ಅದರಾಚೆ ಬೇಸಿಗೆಯಲ್ಲಷ್ಟೇ ಬಳಸುತ್ತಿದ್ದ ಹಳೆಯ ಅಡುಗೆಮನೆ. ಅವಳ ಅಪ್ಪ ದೆನಿಸ್ ಮಾಮ ಅಲ್ಲೊಂದು ಹಲಗೆ ಬಡಿದು ಮೇಜು ಮಾಡಿಕೊಟ್ಟಿದ್ದಾರೆ, ಎಲ್ಲಿಂದಲೋ ಆಂಟೆನಾ ಎಳೆದಿದ್ದಾರೆ. ಸಂಜೆ ನಾಲ್ಕರಿಂದ ಏಳರವರೆಗೆ ಅವಳು ಅಲ್ಲಿ, ಅಪ್ಪ ಗೇಟಿನ ಹತ್ತಿರ ದೋಣಿಯ ಎಂಜಿನ್ ಬಿಚ್ಚಿಕೊಂಡು ಕಾವಲು. ಒಂದು ಸಲ ಕೋಳಿ ಜೋರಾಗಿ ಕೂಗಿಬಿಟ್ಟಿತು. "ನೋಡ್ರೋ, ಕೋಳಿಗೆ ಉತ್ತರ ಬಂತು, ನಿಮಗೆ ಬರ್ಲಿಲ್ಲ" ಅಂದರು ಮೇಷ್ಟ್ರು.

ಯಾರಿಗೂ ಹೇಳುವುದಿಲ್ಲ ಎಂದು ಮೇಷ್ಟ್ರು ನಮ್ಮೆಲ್ಲರಿಂದ ಆಣೆ ಮಾಡಿಸಿಕೊಂಡಿದ್ದಾರೆ. ನಿನಗೆ ಹೇಳಿದ್ದು ಯಾರಿಗೋ ಹೇಳಿದ ಹಾಗಲ್ಲ. ಉಸ್ತಿನಾಗೆ ಸಾಹಿತ್ಯದ ಪುಸ್ತಕವೇ ಇಲ್ಲ. ನಿನ್ನ ಕಪಾಟಿನಿಂದ ಹೇಗಾದರೂ ಒಂದನ್ನು ತಲುಪಿಸಲು ಆಗುತ್ತದಾ?

ಬೇಗ ಬರಿ.

ನಿನ್ನ
ಯಾರಿನ್ಕಾ


ಊರಿನಿಂದ
22 ಸೆಪ್ಟೆಂಬರ್ 2022

ಮಗಳೇ,

ನಾವು ಚೆನ್ನಾಗಿದ್ದೇವೆ. ಅಜ್ಜಿಗೆ ಹಾಸಿಗೆ ಹುಣ್ಣು ಆಗಿತ್ತು, ಈಗ ವಾಸಿ. ಏಪ್ರಿಕಾಟ್ ಮುರಬ್ಬ ಹದಿನಾಲ್ಕು ಶೀಶೆ ಮಾಡಿಟ್ಟಿದ್ದೇನೆ. ಸಕ್ಕರೆ ಸರಿಯಿಲ್ಲ, ಪಾಕ ತೆಳ್ಳಗಾಯಿತು. ಸಮುದ್ರಕ್ಕೆ ಯಾರನ್ನೂ ಬಿಡುವುದಿಲ್ಲ, ಹಾಗಾಗಿ ಮೀನಿಲ್ಲ.

ಪುಸ್ತಕದ ವಿಷಯ ಈಗ ಬೇಡ. ಉಸ್ತಿನಾಗೆ ಹುಷಾರಾಗಿರಲು ಹೇಳು. ನಮ್ಮ ಬೀದಿಯಲ್ಲಿ ಇನ್ನು ಯಾರಾದರೂ ಹೀಗೆ ಓದುತ್ತಿದ್ದಾರಾ?

ಕೆಲಸ ಬಹಳ. ಆಮೇಲೆ ಬರೆಯುತ್ತೇನೆ.

ಅಮ್ಮ


ಜಪೋರಿಝ್ಯಾ
16 ಅಕ್ಟೋಬರ್ 2022

ಅಮ್ಮಾ,

ನಾವು ಬದುಕಿದ್ದೇವೆ. ಕ್ಷಿಪಣಿ ಬಿದ್ದದ್ದು ನಮ್ಮ ಕಟ್ಟಡಕ್ಕಲ್ಲ, ನಾಲ್ಕು ಬೀದಿ ಆಚೆಗೆ. ಸುದ್ದಿಯಲ್ಲಿ ನೋಡಿ ಗಾಬರಿಯಾಗಿರುತ್ತೀಯ ಅಂತ ಮೊದಲು ಇದನ್ನು ಬರೆದೆ. ನಮ್ಮ ಅಡುಗೆಮನೆಯ ಗಾಜು ಟೇಪಿನ ಸಮೇತ ಒಳಗೆ ಬಂತು. ಈಗ ಪ್ಲೈವುಡ್ ಬಡಿದಿದ್ದೇವೆ. ಹಗಲಲ್ಲೂ ದೀಪ ಹಾಕಬೇಕು, ದೀಪ ಇದ್ದಾಗ.

ಬೀದಿಯ ಇತರರ ಬಗ್ಗೆ ಕೇಳಿದೆಯಲ್ಲ, ಹೆಸರು ಬರೆಯಲಾರೆ. ಆಣೆ ಮಾಡಿದ್ದೇನೆ.

ಈಗ ನಾನೊಂದು ಕೇಳುತ್ತೇನೆ. ಪೋಲೆಂಡಿನಲ್ಲಿರುವ ಹುಡುಗ ಒಂದು ವಿಡಿಯೊ ಕಳಿಸಿದ. ನಮ್ಮ ಶಾಲೆಯ ಅಂಗಳ, ಸೆಪ್ಟೆಂಬರ್ ಒಂದು, ಅವರ ಬಾವುಟ, ಸವೇಲಿಯ ಭಾಷಣ. ಪಕ್ಕದಲ್ಲಿ ಒಬ್ಬ ಟೀಚರ್ ಪುಟ್ಟ ಹುಡುಗಿಯ ಕೈ ಹಿಡಿದು ಗಂಟೆ ಬಾರಿಸುತ್ತಿದ್ದಾಳೆ. ಅವಳು ಹಾಕಿಕೊಂಡಿರುವ ಹಸಿರು ಕೋಟಿನ ಮೇಲಿನ ಗುಂಡಿ ಬೇರೆ ಬಣ್ಣದ್ದು. ಆ ಗುಂಡಿ ಹೊಲಿದವಳು ನಾನು. ನೂಲೂ ನಾನೇ ಆರಿಸಿದ್ದೆ.

ಯಾರೋ ನಿನ್ನ ಕೋಟು ಕದ್ದು ಹಾಕಿಕೊಂಡಿದ್ದಾರೆ ಅಂದುಕೊಂಡೆ. ನಿಜವಾಗಿಯೂ ಹಾಗೇ ಅಂದುಕೊಂಡೆ. ಆಮೇಲೆ ಅವಳು ತಲೆ ಎತ್ತಿದಳು.

ಉಸ್ತಿನಾಳನ್ನು ಕೇಳಿದೆ. "ಗೊತ್ತಿತ್ತು ಕಣೇ. ದಿನಾ ನಮ್ಮ ಗೇಟಿನ ಮುಂದೇನೇ ಹೋಗ್ತಾರೆ. ನಿಂಗೆ ಹೇಳೋಕೆ ಬಾಯೇ ಬರ್ಲಿಲ್ಲ" ಅಂದಳು.

ಒಂದೂವರೆ ತಿಂಗಳು ನನ್ನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ನೀನು ನನಗೆ ಮುರಬ್ಬದ ಪಾಕದ ಬಗ್ಗೆ ಬರೆದೆ.

ಯಾರಿನಾ


ಊರಿನಿಂದ
2 ನವೆಂಬರ್ 2022

ಯಾರಿನ್ಕಾ,

ಹೌದು, ನಾನೇ.

ಆಗಸ್ಟ್ ಎಂಟರಂದು ಬೆಳಿಗ್ಗೆ ಇಬ್ಬರು ಬಂದು ನಮ್ಮ ಅಡುಗೆಮನೆಯಲ್ಲಿ ಕುಳಿತರು. ಶೂ ಬಿಚ್ಚಿಟ್ಟು ಒಳಗೆ ಬಂದರು, ಅಷ್ಟು ಮರ್ಯಾದೆ. ಒಬ್ಬ ನಿನ್ನ ಹೆಸರು ಹೇಳಿದ. "ಮಗಳು ಜಪೋರಿಝ್ಯಾದಲ್ಲಿ ಓದ್ತಿದಾಳಂತೆ. ಜಾಣೆಯಂತೆ. ಆ ಕಡೆ ಬೀಳೋದೆಲ್ಲ ಎಲ್ಲಿ ಬೀಳುತ್ತೆ ಅಂತ ಯಾರಿಗೆ ಗೊತ್ತು, ಪಾಪ" ಅಂದ. ಇನ್ನೊಬ್ಬ ಅಜ್ಜಿಯ ಕೋಣೆಗೆ ಹೋಗಿ ಅವಳ ಇನ್ಸುಲಿನ್ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ. ಮುಂದಿನ ತಿಂಗಳಿನಿಂದ ಆಸ್ಪತ್ರೆಯಲ್ಲಿ ಔಷಧಿ ರಷ್ಯಾದ ಪಾಸ್‌ಪೋರ್ಟ್ ಇದ್ದವರಿಗೆ, ಕೆಲಸಕ್ಕೆ ಬರುವವರ ಮನೆಯವರಿಗೆ ಮೊದಲು ಎಂದು ಹೇಳಿ ಹೊರಟುಹೋದ.

ನಾನು ಒಂದು ವಾರ ಯೋಚಿಸಿದೆ. ಸುಳ್ಳೇಕೆ, ಒಂದೇ ದಿನ ಯೋಚಿಸಿದೆ. ಉಳಿದ ದಿನವೆಲ್ಲ ನಿನಗೆ ಏನೆಂದು ಬರೆಯುವುದು ಎಂದು ಯೋಚಿಸಿದೆ.

ಏಳು ವರ್ಷದ ಮಕ್ಕಳಿಗೆ ಅಕ್ಷರ ಕಲಿಸುತ್ತೇನೆ. ಅವರು ನನ್ನ ಕುತ್ತಿಗೆಗೆ ಜೋತುಬೀಳುತ್ತಾರೆ. ಒಬ್ಬ ಪ್ಯಾಂಟಿನಲ್ಲೇ ಉಚ್ಚೆ ಮಾಡಿಕೊಳ್ಳುತ್ತಾನೆ, ಗುಂಡಿನ ಸದ್ದು ಕೇಳಿದರೆ. ಅವನನ್ನು ತೊಳೆದು ಒಣ ಬಟ್ಟೆ ಹಾಕುವುದರಲ್ಲಿ ಏನು ದ್ರೋಹವಿದೆ ಹೇಳು.

ನಿನ್ನ ಅಜ್ಜಿ ಬದುಕಿದ್ದಾಳೆ.

ಅಮ್ಮ


ಜಪೋರಿಝ್ಯಾ
20 ನವೆಂಬರ್ 2022

ಅಮ್ಮಾ,

ಮೂರು ಸಲ ಬರೆದು ಅಳಿಸಿದೆ. ಒಂದರಲ್ಲಿ ಬರೀ ಬೈಗುಳವಿತ್ತು.

ಚಿಕ್ಕಮ್ಮನಿಗೆ ನಿನ್ನ ಪತ್ರ ತೋರಿಸಿದೆ. ಅವಳು ಅತ್ತಳು. ಆಮೇಲೆ, "ಅಮ್ಮನ್ನ ನೋಡ್ಕೊಳ್ಳೋಕೆ ಅವಳನ್ನೊಬ್ಬಳನ್ನೇ ಬಿಟ್ಟು ಬಂದೋಳು ನಾನು. ನಾನೇನ್ ಹೇಳ್ಲಿ" ಅಂದಳು. ಹಾಗಾಗಿ ಹೇಳಬೇಕಾದವಳು ನಾನೊಬ್ಬಳೇ ಉಳಿದೆ.

ಅಜ್ಜಿಗೋಸ್ಕರ ಅಂದೆಯಲ್ಲ, ಅದನ್ನು ನುಂಗಿಕೊಳ್ಳಲು ನೋಡುತ್ತಿದ್ದೇನೆ. ಆಗುತ್ತಿಲ್ಲ. ಜುಲೈನಲ್ಲಿ ನೀನು ಬರೆದ ಕಂಕುಳಿನ ಮಾತನ್ನು ನಾನು ತರಗತಿಯವರಿಗೆಲ್ಲ ಹೇಳಿ ನಗಿಸಿದ್ದೆ. ನಮ್ಮಮ್ಮ ಹೇಗೆ ನೋಡಿ ಅಂತ. ಈಗ ಅವರು ನನ್ನೆದುರು ನಿನ್ನ ಹೆಸರೇ ಎತ್ತುವುದಿಲ್ಲ. ಬೈದಿದ್ದರೆ ವಾಸಿಯಿತ್ತು.

ಒಂದೇ ಒಂದು ಮಾತು ಕೊಡು. ಉಸ್ತಿನಾಳ ವಿಷಯ ನಿನ್ನ ಬಾಯಿಂದ ಯಾವತ್ತೂ ಹೊರಬರಬಾರದು. ಸವೇಲಿ ಕೇಳಲಿ, ಅವನ ಅಪ್ಪ ಕೇಳಲಿ. ನೀನು ಮಾತು ಕೊಟ್ಟರೆ ಸಾಕು, ನಾನು ಅವಳಿಗೂ ಮೇಷ್ಟ್ರಿಗೂ ಏನೂ ಹೇಳುವುದಿಲ್ಲ. ನಿನಗೆ ತಿಳಿದಿದೆ ಎಂದು ಹೇಳಿದರೆ ಅವಳು ಹೆದರಿ ಓದನ್ನೇ ಬಿಟ್ಟುಬಿಡುತ್ತಾಳೆ.

ಯಾರಿನಾ


ಊರಿನಿಂದ
8 ಡಿಸೆಂಬರ್ 2022

ಮಾತು ಕೊಟ್ಟೆ.

ಅಮ್ಮ


ಜಪೋರಿಝ್ಯಾ
7 ಫೆಬ್ರವರಿ 2023

ಅಮ್ಮಾ,

ನಿನ್ನೆ ಸಂಜೆ ಐದೂಕಾಲಕ್ಕೆ ಇತಿಹಾಸದ ಪಾಠ ನಡೆಯುತ್ತಿತ್ತು. ಉಸ್ತಿನಾ ಪ್ರಶ್ನೆಯೊಂದಕ್ಕೆ ಉತ್ತರಿಸುತ್ತಿದ್ದಳು, ಹಾಗಾಗಿ ಅವಳ ಮೈಕ್ ತೆರೆದಿತ್ತು. ನಾಯಿ ಬೊಗಳಿತು. ದೆನಿಸ್ ಮಾಮ ಏನೋ ಕೂಗಿದರು. ಸೌದೆ ಉರುಳಿದ ಸದ್ದು. ಆಮೇಲೆ ಒಬ್ಬ ಗಂಡಸಿನ ದನಿ ಸ್ಪಷ್ಟವಾಗಿ ಕೇಳಿಸಿತು. "ಇಲ್ಲಲ್ಲ, ಕೋಳಿಗೂಡಿನ ಹಿಂದೆ ಅಂತ ಹೇಳಿದಾರೆ. ಆ ಕಡೆ ಹೋಗು."

ಉಸ್ತಿನಾ "ಅಪ್ಪಾ" ಅಂದಳು. ಅಷ್ಟೇ. ಮೈಕ್ ಸತ್ತಿತು.

ನಾವು ಹದಿನೇಳು ಜನ ಪರದೆಯ ಮೇಲೆ ಉಳಿದೆವು. ಮೇಷ್ಟ್ರು "ಎಲ್ರೂ ಹೊರಗೆ ಹೋಗಿ, ಫೋನಲ್ಲಿರೋದೆಲ್ಲ ಅಳಿಸಿ" ಅಂದರು.

ಇವತ್ತು ಸುದ್ದಿ ಬಂತು. ದೆನಿಸ್ ಮಾಮನನ್ನು ಎಳೆದುಕೊಂಡು ಹೋಗಿದ್ದಾರೆ, ಎಲ್ಲಿಗೆ ಎಂದು ಹೇಳಿಲ್ಲ. ಉಸ್ತಿನಾ ಸೋಮವಾರದಿಂದ ಆ ಶಾಲೆಗೆ ಹೋಗುತ್ತೇನೆ ಎಂದು ಸಹಿ ಹಾಕಿದ್ದಾಳೆ.

ಹೊರಗಿನಿಂದ ನೋಡಿದರೆ ಅಲ್ಲಿ ಅಡುಗೆಮನೆ ಇದೆ ಅಂತಲೇ ತಿಳಿಯುವುದಿಲ್ಲ. ಪಾಠ ಅಲ್ಲೇ ನಡೆಯುತ್ತದೆ ಎಂದು ಗೊತ್ತಿದ್ದದ್ದು ಅವರ ಮನೆಯವರಿಗೆ, ಮೇಷ್ಟ್ರಿಗೆ ಮತ್ತು ನನಗೆ. ನಾನು ಒಬ್ಬರಿಗೆ ಬರೆದಿದ್ದೆ.

ಅಮ್ಮಾ, ಇಲ್ಲ ಅನ್ನು. ಸುಳ್ಳಾದರೂ ಸರಿ, ಇಲ್ಲ ಅನ್ನು.

ಯಾರಿನಾ


ಊರಿನಿಂದ
26 ಫೆಬ್ರವರಿ 2023

ಯಾರಿನಾ,

ನನ್ನ ಫೋನು ಕಿತ್ತುಕೊಂಡು ಓದಿದರು ಎಂದು ಬರೆಯಬಹುದಿತ್ತು. ನೀನು ನಂಬುತ್ತಿದ್ದೆ. ಹಾಗೆ ಆಗಲಿಲ್ಲ.

ಜನವರಿಯಲ್ಲಿ ನಮಗೆಲ್ಲ ಒಂದೊಂದು ಬೀದಿ ಹಂಚಿದರು. ಶಾಲೆಗೆ ಬಾರದ ಮಕ್ಕಳು ಯಾರು, ಯಾಕೆ ಬರುತ್ತಿಲ್ಲ, ಮನೆಮನೆಗೆ ಹೋಗಿ ಬರೆದು ತರಬೇಕು. ನಮ್ಮ ಬೀದಿ ನನಗೇ ಬಿತ್ತು. ಉಸ್ತಿನಾಳ ಹೆಸರಿನ ಮುಂದೆ "ಶ್ವಾಸಕೋಶದ ಕಾಯಿಲೆ" ಎಂದು ಬರೆದೆ. ವಾಪಸ್ ಬಂತು. ಮತ್ತೆ ಅದನ್ನೇ ಬರೆದೆ. ಮೂರನೆಯ ಸಲ ಸವೇಲಿ ತನ್ನ ಕೋಣೆಗೆ ಕರೆಸಿದ. ನಗರದಿಂದ ಬಂದ ಒಬ್ಬ ಹೆಂಗಸೂ ಕುಳಿತಿದ್ದಳು. ನನಗೆ ಟೀ ಕೊಟ್ಟರು. ಬಿಸ್ಕತ್ತು ಕೊಟ್ಟರು. ಯಾರೂ ನನ್ನ ಮೇಲೆ ಕೈ ಎತ್ತಲಿಲ್ಲ.

"ಡಾಕ್ಟರ್ ಚೀಟಿ ಎಲ್ಲಿ?" ಅಂದಳು ಅವಳು.

"ಮನೇಲಿರಬೇಕು" ಅಂದೆ.

"ರೈಸಾ ಪಾವ್ಲಿವ್ನಾ, ನಿಮ್ಮ ಮಗಳು ಆ ಕಡೆ, ನಿಮ್ಮ ತಾಯಿ ಮಂಚದ ಮೇಲೆ. ಇಡೀ ಬೀದೀಲಿ ಒಂದು ಮಗೂನೂ ಆ ಕಡೆ ಪಾಠ ಕೇಳ್ತಿಲ್ಲ ಅಂತ ನೀವಂದ್ರೆ, ಕೇಳ್ತಿರೋದು ನಿಮಗೆ ಬೇಕಾದೋರೇ ಅಂದ್ಕೋಬೇಕಾಗುತ್ತೆ."

ಆ ವಾರ ಇನ್ಸುಲಿನ್ ಸಿಕ್ಕಿರಲಿಲ್ಲ. ಅಜ್ಜಿ ನನ್ನನ್ನು ಗುರುತು ಹಿಡಿಯುತ್ತಿರಲಿಲ್ಲ.

ನನ್ನ ತಲೆಯಲ್ಲಿ ಏನು ಓಡಿತು ಎಂದು ಹೇಳುತ್ತೇನೆ, ನೀನು ಕ್ಷಮಿಸಲಿ ಎಂದಲ್ಲ. ಹುಡುಗಿಯ ಫೋನು ಕಿತ್ತುಕೊಳ್ಳುತ್ತಾರೆ, ಗದರಿಸುತ್ತಾರೆ, ಶಾಲೆಗೆ ಸೇರಿಸುತ್ತಾರೆ, ಅಲ್ಲಿ ಅವಳು ನನ್ನ ಕಣ್ಣೆದುರಿಗಿರುತ್ತಾಳೆ, ಅವಳಿಗೆ ಏನೂ ಆಗದಂತೆ ನಾನು ನೋಡಿಕೊಳ್ಳುತ್ತೇನೆ ಅಂದುಕೊಂಡೆ. ಅವಳಿಗೆ ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದು ಆ ಒಂದು ನಿಮಿಷ ನಿಜವಾಗಿ ನಂಬಿದೆ. ಎಲ್ಲಿ ಕೂತು ಓದುತ್ತಾಳೆ ಎಂದು ಕೇಳಿದರು. ಹೇಳಿದೆ. ದೆನಿಸ್‌ನ ನೆನಪೇ ಬರಲಿಲ್ಲ. ಗೇಟಿನ ಹತ್ತಿರ ಅವನಿರುತ್ತಾನೆ ಎಂದು ನೀನು ಬರೆದಿದ್ದೆ. ಆದರೂ ನೆನಪಾಗಲಿಲ್ಲ.

ಉಸ್ತಿನಾ ಈಗ ಶಾಲೆಗೆ ಬರುತ್ತಾಳೆ. ಕಾರಿಡಾರಿನಲ್ಲಿ ಎದುರಾದರೆ ಗೋಡೆಗೆ ಅಂಟಿಕೊಂಡು, ನನ್ನ ಬಟ್ಟೆ ತಾಗದಂತೆ ದಾಟಿಹೋಗುತ್ತಾಳೆ.

ಅಮ್ಮ


ಜಪೋರಿಝ್ಯಾ
14 ಮಾರ್ಚ್ 2023

ಅಮ್ಮಾ,

ನಿನ್ನ ಪತ್ರ ಓದಿದ ಮೂರನೆಯ ದಿನ ಮೇಷ್ಟ್ರ ಕೋಣೆಗೆ ಹೋಗಿ ನಿಂತೆ. ಅವರು ಇಸ್ತ್ರಿ ಹಲಗೆಯ ಮುಂದೆ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದರು. ಎಲ್ಲ ಹೇಳಿದೆ. ನೀನು ಅಲ್ಲಿ ಪಾಠ ಮಾಡುತ್ತಿರುವುದು, ನಾನು ನಿನಗೆ ಬರೆದದ್ದು, ನೀನು ಮಾತು ಕೊಟ್ಟದ್ದು.

"ಅವರು ಪಾಠ ಮಾಡ್ತಿರೋದು ನಂಗೆ ಸೆಪ್ಟೆಂಬರಲ್ಲೇ ಗೊತ್ತಿತ್ತು ಕಣಮ್ಮ. ನಿಂಗೆ ಗೊತ್ತಿಲ್ಲ ಅಂದ್ಕೊಂಡು ಸುಮ್ನಿದ್ದೆ" ಅಂದರು.

"ನೀವು ಹೇಳಿದ್ರೆ ನಾನು ಎಚ್ಚರಿಕೆಯಿಂದ ಇರ್ತಿದ್ನಲ್ಲ ಸಾರ್" ಎಂದು ಕಿರುಚಿದೆ. "ನೀವು ಸುಮ್ನಿದ್ರಿ, ಉಸ್ತಿನಾ ಸುಮ್ನಿದ್ಲು, ನಾನೂ ಸುಮ್ನಿದ್ದೆ. ಎಲ್ರೂ ನನ್ನಮ್ಮನ ಮಾನ ಕಾಪಾಡೋಕೆ ಹೋಗಿ ದೆನಿಸ್ ಮಾಮನ್ನ ಹಿಡಿದುಕೊಟ್ವಿ."

ಅವರು ಕನ್ನಡಕ ತೆಗೆದಿಟ್ಟು, "ಹೌದು" ಅಂದರು.

ಸೋಮವಾರ, ಶತ್ರುವಿಗೆ ನೆರವಾದವರ ಕೇಸು ನೋಡುವ ತನಿಖಾಧಿಕಾರಿಯ ಹತ್ತಿರ ಹೋದೆ. ನನಗೆ ಹದಿನೆಂಟು ಆಗಿಲ್ಲವಾದ್ದರಿಂದ ಪಕ್ಕದಲ್ಲಿ ಹಿರಿಯರು ಕೂರಬೇಕಂತೆ, ಚಿಕ್ಕಮ್ಮ ಕೂತಳು. ನಿನ್ನ ತಂಗಿ. ಇಡೀ ಹೊತ್ತು ಕೈಚೀಲದ ಹಿಡಿ ತಿರುಚುತ್ತಿದ್ದಳು. ಅಧಿಕಾರಿ ಮೊದಲೇ ಹೇಳಿದರು, "ನೋಡಮ್ಮ, ಹೆತ್ತವರ ವಿರುದ್ಧ ಹೇಳಿಕೆ ಕೊಡಲೇಬೇಕು ಅಂತ ಕಾನೂನಿಲ್ಲ. ಎದ್ದು ಹೋಗಬಹುದು. ಯಾರೂ ಏನೂ ಅನ್ನಲ್ಲ."

ಎದ್ದು ಹೋಗಲಿಲ್ಲ. ಓದಿದ ಕೂಡಲೇ ಅಳಿಸು ಎಂದಿದ್ದೆಯಲ್ಲ, ನಾನು ಅಳಿಸುವ ಮೊದಲು ಎಲ್ಲವನ್ನೂ ನನ್ನ ಪುಸ್ತಕಕ್ಕೆ ನಕಲು ಮಾಡಿಟ್ಟುಕೊಂಡು, ನಿನ್ನ ನೆನಪಾದಾಗ ಓದುತ್ತಿದ್ದೆ. ಆ ಪುಸ್ತಕವನ್ನೂ ನಮ್ಮ ಇಮೇಲಿನ ಪಾಸ್‌ವರ್ಡನ್ನೂ ಅವರಿಗೆ ಕೊಟ್ಟೆ. ಈಗ ಬರೆಯುತ್ತಿರುವುದನ್ನೂ ಅವರು ಓದುತ್ತಾರೆ. ನೀನು ಬರೆಯುವುದನ್ನೂ. ತಿಳಿದು ಬರಿ.

ಇನ್ನು ನಿನ್ನಿಂದ ನನಗೆ ಬೇಕಾದದ್ದು ಒಂದೇ. ದೆನಿಸ್ ಮಾಮ ಎಲ್ಲಿದ್ದಾರೆ? ಉಸ್ತಿನಾಳ ಅಮ್ಮ ಐದು ಕಚೇರಿ ಅಲೆದಿದ್ದಾರೆ, ಅಂಥವರು ಯಾರೂ ನಮ್ಮಲ್ಲಿಲ್ಲ ಅನ್ನುತ್ತಾರೆ. ನಿನಗೆ ಸವೇಲಿಯ ಕೋಣೆಯ ಬಾಗಿಲು ತೆರೆಯುತ್ತದಲ್ಲ. ಹೋಗಿ ಕೇಳು. ಗೊತ್ತಾಗುವವರೆಗೆ ನನಗೆ ಬರೆಯಬೇಡ.

ಯಾರಿನಾ ಕೊಜುಷ್ಕೊ


ಊರಿನಿಂದ
30 ಏಪ್ರಿಲ್ 2023

ಯಾರಿನಾ,

ದೆನಿಸ್ ಹರ್ಮಾಶ್ ಮಾರ್ಚ್ ಹನ್ನೊಂದರವರೆಗೆ ಇಲ್ಲೇ ಹಳೆಯ ಮೀನಿನ ಕಾರ್ಖಾನೆಯ ನೆಲಮಾಳಿಗೆಯಲ್ಲಿದ್ದ. ಅಲ್ಲಿಂದ ಕ್ರೈಮಿಯಾದ ಜೈಲಿಗೆ ಸಾಗಿಸಿದ್ದಾರೆ. ಬದುಕಿದ್ದಾನೆ. ಎರಡು ಪಕ್ಕೆಲುಬು ಮುರಿದಿವೆ. ಜೈಲಿನ ಹೆಸರು, ಕೈದಿಯ ಸಂಖ್ಯೆ ಇದರ ಕೆಳಗೆ ಬರೆದಿದ್ದೇನೆ. ಓದುತ್ತಿರುವ ಅಧಿಕಾರಿಗೂ ನಮಸ್ಕಾರ. ಇದನ್ನು ಬರೆದುಕೊಳ್ಳಿ, ಕೈದಿಗಳ ವಿನಿಮಯದ ಪಟ್ಟಿಗೆ ಸೇರಿಸಿ.

ಸವೇಲಿ ಮೊದಲು ಹೇಳಲಿಲ್ಲ. ದಿನಾ ಹೋಗಿ ಅವನ ಬಾಗಿಲಲ್ಲಿ ನಿಂತೆ. ಒಂದು ದಿನ, "ಅವನ ಮನೆ ತೋರಿಸಿಕೊಟ್ಟೋಳು ನಾನು. ಅವನೆಲ್ಲಿದಾನೆ ಅಂತ ಕೇಳೋ ಹಕ್ಕು ನಂಗಿಲ್ವಾ?" ಅಂದೆ. ಅವನು ದಫ್ತರವನ್ನು ನನ್ನ ಕಡೆ ತಿರುಗಿಸಿದ. "ಓದ್ಕೊಂಡು ಹೋಗಿ. ನಾಳೆಯಿಂದ ಬರಬೇಡಿ" ಅಂದ. ಅವನೂ ಹೆದರಿದ್ದ.

ಉಸ್ತಿನಾಳ ಅಮ್ಮನಿಗೆ ಹೇಳಲು ಹೋದೆ. "ಅಲ್ಲೇ ನಿಂತು ಹೇಳು. ಗೇಟು ಮುಟ್ಬೇಡ" ಅಂದಳು. ಅಲ್ಲೇ ನಿಂತು ಹೇಳಿದೆ. ಹೇಳಿದ್ದನ್ನು ಅವಳು ಅಂಗೈ ಮೇಲೆ ಬರೆದುಕೊಂಡು ಒಳಗೆ ಹೋದಳು.

ಅಜ್ಜಿ ಏಪ್ರಿಲ್ ಆರರಂದು ತೀರಿಕೊಂಡಳು. ನಿಮ್ಮಿಬ್ಬರಿಗೂ ಆಗಲೇ ತಿಳಿಸಬೇಕಿತ್ತು, ಆದರೆ ನೀನು ಬರೆಯಬೇಡ ಎಂದಿದ್ದೆ. ತಾತನ ಪಕ್ಕದಲ್ಲೇ ಮಣ್ಣು ಮಾಡಿದೆ. ನಾನು, ಗುಂಡಿ ತೋಡುವವನು, ಪಾದ್ರಿ, ಮೂರೇ ಜನ. ಬೀದಿಯವರು ಯಾರೂ ಬರಲಿಲ್ಲ. ಅವಳು ಏನು ಮಾಡಿದ್ದಳು ಪಾಪ. ನನಗಾಗಿ ಬರಲಿಲ್ಲ.

ಈಗ ಇಲ್ಲಿ ನನ್ನನ್ನು ಹಿಡಿದಿಡುವುದು ಏನೂ ಇಲ್ಲ. ರಷ್ಯಾದೊಳಗಿನಿಂದ ಸುತ್ತಿ ಬಂದು ಸುಮಿ ಕಡೆಯ ಗಡಿಯಲ್ಲಿ ಎರಡು ಕಿಲೋಮೀಟರ್ ನಡೆದು ದಾಟಬಹುದಂತೆ. ದಾಟಿದ ಕೂಡಲೇ ನಿಮ್ಮವರು ನನ್ನನ್ನು ಬಂಧಿಸುತ್ತಾರೆ ಎಂದು ಗೊತ್ತಿದೆ. ನೋಡು, ಬರೆಯುತ್ತ ಬರೆಯುತ್ತ "ನಿಮ್ಮವರು" ಎಂದುಬಿಟ್ಟೆ.

ಬರಲಾ?

ಅಮ್ಮ


ಜಪೋರಿಝ್ಯಾ
18 ಜೂನ್ 2023

ಅಮ್ಮಾ,

ಅಜ್ಜಿಯ ಸುದ್ದಿ ಓದಿ ಚಿಕ್ಕಮ್ಮ ಬಾಲ್ಕನಿಯಲ್ಲಿ ಗೋಡೆಗೆ ತಲೆಯಿಟ್ಟು ಅತ್ತಳು. ನಾನು ಅವಳ ಬೆನ್ನು ಸವರುತ್ತ ನಿಂತಿದ್ದೆ. ನನಗೆ ಅಳು ಬರಲಿಲ್ಲ. ಮಾರನೆಯ ದಿನ ಅಂಗಡಿಯಲ್ಲಿ ಹಿಟ್ಟು ತೂಗಿಸುವಾಗ ಬಂತು. ಅಂಗಡಿಯವಳು ಏನೂ ಕೇಳದೆ ನೀರು ಕೊಟ್ಟಳು. ಇಲ್ಲಿ ಅಳುವವರನ್ನು ಯಾರೂ ಯಾಕೆ ಎಂದು ಕೇಳುವುದಿಲ್ಲ.

ಉಸ್ತಿನಾಳ ಅಮ್ಮ ಕ್ರೈಮಿಯಾಕ್ಕೆ ಪಾರ್ಸೆಲ್ ಕಳಿಸಿದರು. ಮೊದಲನೆಯದು ವಾಪಸ್ ಬಂತು, ಎರಡನೆಯದನ್ನು ತೆಗೆದುಕೊಂಡರು. ರಸೀದಿಯ ಮೇಲೆ ದೆನಿಸ್ ಮಾಮನ ಸಹಿಯಿದೆ, ವಕ್ರವಾಗಿ, ಎಡಗೈಯಲ್ಲಿ ಹಾಕಿದ ಹಾಗೆ. ಅವರು ಬದುಕಿದ್ದಾರೆ. ಬಿಡುಗಡೆ ಯಾವಾಗ ಎಂದು ಯಾರಿಗೂ ಗೊತ್ತಿಲ್ಲ. ನೀನು ಕೊಟ್ಟ ಸಂಖ್ಯೆ ಸರಿಯಾಗಿತ್ತು.

ಉಸ್ತಿನಾಗೆ ಯಾರದೋ ಕೈಯಲ್ಲಿ ಚೀಟಿ ಕಳಿಸಿದ್ದೆ. ಅವಳ ಗುಟ್ಟನ್ನು ನಿನಗೆ ಹೇಳಿದವಳು ನಾನು ಎಂದು ಬರೆದಿದ್ದೆ. ಅವಳಿಂದ ಒಂದೇ ಸಾಲು ಬಂತು: "ನಿಮ್ಮಿಬ್ಬರನ್ನೂ ನಮ್ಮ ಮನೆಯವರು ಅಂದುಕೊಂಡಿದ್ದೆ."

ಪ್ರವೇಶ ಪರೀಕ್ಷೆ ಬರೆದೆ. ಗಣಿತದ ಮಧ್ಯೆ ಸೈರನ್ ಕೂಗಿ ಎಲ್ಲರನ್ನೂ ನೆಲಮಾಳಿಗೆಗೆ ಇಳಿಸಿದರು. ಎರಡು ಗಂಟೆ ಅಲ್ಲಿ ಕೂತು ಮತ್ತೆ ಮೇಲೆ ಬಂದು ಮುಂದುವರಿಸಿದೆವು. ಸೀಟು ಸಿಕ್ಕರೆ ಕಾನೂನು ಓದುತ್ತೇನೆ. ಮೇಷ್ಟ್ರಿಗೆ ಗಣಿತ ಓದಲಿಲ್ಲವಲ್ಲ ಎಂದು ಬೇಜಾರು, ತೋರಿಸಿಕೊಳ್ಳಲಿಲ್ಲ.

ಬರಲಾ ಎಂದು ನೀನು ಕೇಳಿದ್ದೆ. ಒಂದು ವರ್ಷದ ಹಿಂದೆ ಬಾ ಬಾ ಎಂದು ಅಂಗಲಾಚುತ್ತಿದ್ದವಳು ನಾನೇ. ಈ ಉತ್ತರ ಬರೆಯಲು ಏಳು ವಾರ ಹಿಡಿಯಿತು.

ಬಾ. ಗಡಿ ದಾಟಿದ ಮೇಲೆ ಸ್ವಯಂಸೇವಕರು ನೀರು ಕೊಡುತ್ತಾರೆ, ಹೆಸರು ಕೇಳುತ್ತಾರೆ. ಪೂರ್ತಿ ಹೆಸರು ಹೇಳು. ಅಧಿಕಾರಿಗಳ ಪಟ್ಟಿಯಲ್ಲಿ ನಿನ್ನ ಹೆಸರಿದೆ, ಅದನ್ನು ಬರೆಸಿದವಳು ನಾನು. ಮಗಳ ಮನೆಗೆ ಬರುತ್ತಿದ್ದೇನೆ ಅಂದುಕೊಂಡು ಬರಬೇಡ. ನಾನು ಗಡಿಯಲ್ಲಿ ನಿಂತಿರುವುದಿಲ್ಲ.

ವಿಚಾರಣೆಯ ದಿನ ಬರುತ್ತೇನೆ. ಸಾಕ್ಷಿಗಳು ಕೂರುವ ಕಡೆ ಕೂತಿರುತ್ತೇನೆ. ಕೇಳಿದ್ದಕ್ಕೆಲ್ಲ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಅಜ್ಜಿಯ ಇನ್ಸುಲಿನ್ ವಿಷಯವನ್ನೂ ಹೇಳುತ್ತೇನೆ, ಸಂಖ್ಯೆ ಹುಡುಕಿ ಕೊಟ್ಟದ್ದನ್ನೂ ಹೇಳುತ್ತೇನೆ, ಮಾತು ಕೊಟ್ಟೆ ಎಂದು ಬರೆದದ್ದನ್ನೂ ಹೇಳುತ್ತೇನೆ. ಆಮೇಲೆ ನಿನ್ನ ಮುಖ ನೋಡಲು ಆಗುತ್ತದೋ ಇಲ್ಲವೋ, ಅದು ನನಗೆ ಗೊತ್ತಿಲ್ಲ.

ಯಾರಿನಾ